ಅಜ್ಜಿ ಹಾಕಿದ ಗಂಟುಗಳು

ಅಂಗವಿಕಲರ ಗುರುತಿನ ಚೀಟಿ ಕೇಳಲು ಹೊರಟಿದ್ದ ಮೊಮ್ಮಗಳನ್ನು ಕಮಲಾಕ್ಷಮ್ಮ ವರನ ಕಡೆಯವರ ಮುಂದೆ ಕೂರಿಸುವವಳ ಹಾಗೆ ಸಿಂಗರಿಸಿದಳು. ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಸೀಗೆಪುಡಿ ಹಾಕಿ ತಲೆ ತಿಕ್ಕಿದ್ದಾಯಿತು, ಜಡೆ ಹೆಣೆದದ್ದಾಯಿತು, ಜಡೆಗೆ ಎರಡು ಮೊಳ ಮಲ್ಲಿಗೆ ಮುಡಿಸಿದ್ದೂ ಆಯಿತು. ತಂಗಮಣಿ ತಾನೇ ನೇಯ್ದ ಎಳೆಮಾವಿನ ಬಣ್ಣದ ಸೀರೆ ಉಟ್ಟು, ಮನೆಯೊಳಗಿನ ಮಗ್ಗದ ಪಕ್ಕ ಬೊಂಬೆಯಂತೆ ನಿಂತಳು.

"ಅಜ್ಜೀ, ನಾವು ಹೋಗ್ತಿರೋದು ಆಸ್ಪತ್ರೆಗೆ."

"ಎಲ್ಲಿಗಾದ್ರೇನು ಕಣ್ಣು? ನಾಲ್ಕು ಜನ ನೋಡೋ ಜಾಗ. ಯಾರ ಮನೆ ಹೆಣ್ಣಪ್ಪಾ ಇದು, ಹಿಂಗೆ ಬಂದೈತೆ ಅನ್ನಬಾರದು."

ಹಾಗೆಂದವಳು ಮೊಮ್ಮಗಳು ನೇಯ್ದ ಇನ್ನೂ ಎರಡು ಸೀರೆಗಳನ್ನು ಮಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಬಣ್ಣಬಣ್ಣದ ನೂಲುಹಗ್ಗದಿಂದ ಮೂಟೆ ಕಟ್ಟಿದಳು. ಹುಡುಗಿಯ ಕೈಕೆಲಸವನ್ನು ಡಾಕ್ಟರರೂ ಒಮ್ಮೆ ನೋಡಲಿ ಎಂಬುದು ಅವಳ ಲೆಕ್ಕಾಚಾರ.

ತಮಿಳು ಸೀಮೆಯ ನೆಗಮಂನಲ್ಲಿ, ಕನ್ನಡ ಮನೆಮಾತಿನ ಆ ನೇಕಾರರ ಮನೆಯಲ್ಲಿ, ನೇಯುವವರು ಇಳಿದು ಕೂರುವ ಮಗ್ಗದ ಕುಣಿಯೊಳಗಿಂದ ಯಾರೋ ತಂಗಮಣಿಯ ಹೆಸರು ಹಿಡಿದು ಕರೆಯತೊಡಗಿ ಮೂರು ವರ್ಷವಾಗಿತ್ತು. ಮೊದಮೊದಲು ಅವಳಿಗೆ ಭಯವೇ ಆಗಲಿಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡ ದಿನದಿಂದ ಅಜ್ಜಿಯ ಕತೆ ಕೇಳಿಯೇ ಬೆಳೆದವಳು. ನೆಲದಡಿಯ ನಾಗಕನ್ನಿಕೆಯರು, ಮಾತಾಡುವ ಹುತ್ತಗಳು ಅವಳಿಗೆ ನೆಂಟರಿದ್ದ ಹಾಗೆ. ಆದರೆ ಅಜ್ಜಿಯ ಕತೆಗೆ ಕೊನೆಯಿತ್ತು, ಕೊನೆಗೆ ನಿದ್ದೆ ಬರುತ್ತಿತ್ತು. ಈ ದನಿಗೆ ಎರಡೂ ಇರಲಿಲ್ಲ. ಕೊಯಮತ್ತೂರಿನ ದೊಡ್ಡಾಸ್ಪತ್ರೆಯವರು ಅದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ದನಿ ದೂರ ಸರಿಯುತ್ತಿತ್ತು. ಆದರೆ ಪ್ರತಿ ತಿಂಗಳೂ ಅಲ್ಲಿಗೇ ಹೋಗಿ ತರಬೇಕು. ಬಸ್ಸಿಗೆ ಕಾಸು ಹೊಂದದೆ ಹೋಗದೇ ಉಳಿದದ್ದು ಎರಡು ಸಲ. ಎರಡು ಸಲವೂ ದನಿ ವಾಪಸು ಬಂತು, ಬಂದದ್ದು ತಿಂಗಳುಗಟ್ಟಲೆ ಹೋಗಲಿಲ್ಲ.

ಗುರುತಿನ ಚೀಟಿ ಸಿಕ್ಕರೆ ಆಸ್ಪತ್ರೆಗೆ ಹೋಗಿಬರಲು ಬಸ್ ಪಾಸು ಸಿಗುತ್ತದೆ, ತಿಂಗಳ ಸಹಾಯಧನಕ್ಕೂ ಅರ್ಜಿ ಹಾಕಬಹುದು, ಆದರೆ ಶೇಕಡಾ ನಲವತ್ತಾದರೂ ಊನವಿದೆಯೆಂದು ಡಾಕ್ಟರು ಬರೆಯಬೇಕು ಎಂದು ಊರ ನರ್ಸಮ್ಮ ಹೇಳಿದ್ದಳು. ತಂಗಮಣಿಗೆ ಬೇಕಾದದ್ದು ಒಂದೇ: ಇನ್ನೊಮ್ಮೆ ಮಾತ್ರೆ ತಪ್ಪಬಾರದು.

ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಎರಡು ಗಂಟೆ ಕಾದಮೇಲೆ ಗುಮಾಸ್ತ ತಿರುಮಲೈಸಾಮಿ ಬಾಗಿಲಲ್ಲಿ ತಲೆ ಹಾಕಿ, "ತಂಗಮಣಿ ಯಾರುಂಗ? ಒಳಗೆ ಬಾ ಅಮ್ಮಣಿ" ಎಂದು ತಮಿಳಿನಲ್ಲಿ ಕೂಗಿದ. ಒಳಗಿದ್ದವರು ಡಾಕ್ಟರ್ ಚೆನ್ನಕೇಶವನ್. ಐವತ್ತರ ಆಸುಪಾಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರೂ ತಮಿಳಿನಲ್ಲೇ ಕೇಳಿದರು.

"ತಾನಾಗಿ ಸ್ನಾನ ಮಾಡ್ತಾಳಾ?"

"ಏನು ಹಂಗೆ ಕೇಳ್ತೀರಿ ಸಾಮಿ? ಮೀನಿನ ಹಾಗೆ, ದಿನಕ್ಕೆ ಎರಡು ಸಲ," ಎಂದಳು ಅಜ್ಜಿ, ತನಗೆ ಬರುತ್ತಿದ್ದ ತಮಿಳನ್ನೆಲ್ಲ ಬಳಸಿ.

"ಅಡುಗೆ?"

"ಇವಳ ಕೈಯ ರಸ ಕುಡಿದವರು ಇನ್ನೊಂದು ಲೋಟ ಕೇಳದೆ ಎದ್ದಿಲ್ಲ."

"ಜನರ ಜೊತೆ ಬೆರೆಯೋದು?"

"ಬೀದಿಗೆಲ್ಲ ಮುದ್ದಿನ ಕೂಸು. ಕೋಪ ಅನ್ನೋದೇ ಗೊತ್ತಿಲ್ಲ."

ಡಾಕ್ಟರು ಒಂದೊಂದಕ್ಕೂ ಒಂದೊಂದು ಗುರುತು ಹಾಕುತ್ತಾ ಹೋದರು. ಕೊನೆಗೆ ಹಾಳೆ ಕೆಳಗಿಟ್ಟು, "ನೀವು ಹೇಳಿದ್ದನ್ನ ಬರೆದರೆ ಹದಿನೈದು ಶೇಕಡಾ ಕೂಡ ಆಗಲ್ಲ, ಪಾಟ್ಟಿ" ಎಂದು ಅಜ್ಜಿಗೆ ಹೇಳಿದರು.

ಅಜ್ಜಿಯ ಮುಖ ಹುಣ್ಣಿಮೆಯಾಯಿತು. "ನೋಡಿದ್ಯಾ?" ಎಂಬಂತೆ ಮೊಮ್ಮಗಳ ಮೊಣಕೈ ತಿವಿದಳು.

ತಂಗಮಣಿ ಅಜ್ಜಿಯ ಸೆರಗು ಹಿಡಿದೆಳೆದಳು. ಬಸ್ಸಿನಲ್ಲಾಗಲಿ ಸಂತೆಯಲ್ಲಾಗಲಿ ಯಾರಿಗೂ ತಿಳಿಯಬಾರದ ಮಾತನ್ನು ಮನೆಯ ಕನ್ನಡದಲ್ಲಿ ಆಡಿಬಿಡುವುದು ಅವರಿಬ್ಬರ ರೂಢಿ. ಈಗಲೂ ಅವಳು ತಲೆ ತಗ್ಗಿಸಿ ಕನ್ನಡದಲ್ಲಿ ಪಿಸುಗುಟ್ಟಿದಳು: "ಅಜ್ಜೀ, ಇದು ಹೆಣ್ಣು ನೋಡೋ ಶಾಸ್ತ್ರ ಅಲ್ಲ. ಆಗದೇ ಇರೋದನ್ನ ಹೇಳಿದ್ರೇ ಚೀಟಿ. ನಿಜ ಹೇಳು."

"ಏನ್ ಹೇಳಲಿ?" ಅಜ್ಜಿಯೂ ಕನ್ನಡದಲ್ಲೇ, ಡಾಕ್ಟರರತ್ತ ನಗುಮುಖ ಇಟ್ಟುಕೊಂಡೇ ಗದರಿದಳು. "ನಾಲ್ಕು ದಿನ ಮಗ್ಗದ ಕುಣಿಯಿಂದ ಮೇಲಕ್ಕೇ ಬರಲಿಲ್ಲ ಅನ್ನಲಾ? ತಿಂಗಳು ತಲೆಗೆ ನೀರು ಹಾಕಿಸ್ಕೊಳ್ಳಲಿಲ್ಲ, ನಾನೇ ಅನ್ನ ಕಲೆಸಿ ಬಾಯಿಗಿಟ್ಟೆ ಅನ್ನಲಾ? ಈ ಕನ್ನಡಕದವನ ಮುಂದೆ? ನನ್ನ ನಾಲಿಗೆ ಬಿದ್ದೋಗುತ್ತೆ ಕಣ್ಣು!"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನ ಕುಣಿಯಲ್ಲಿದ್ಲು ಅಂದ್ರಿ, ಅಜ್ಜಿ?" ಎಂದರು. ಅಚ್ಚ ಮನೆಯ ಕನ್ನಡ.

ಕಮಲಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಂಗಮಣಿಗೆ ಎಷ್ಟೋ ತಿಂಗಳ ಮೇಲೆ ತಡೆಯಲಾರದ ನಗು ಬಂತು.

"ಅಯ್ಯಯ್ಯೋ, ನಮ್ಮವರಾ ನೀವು!"

"ನಮ್ಮನೇಲೂ ಇದೇ ಮಾತು. ಓದೋಕೆ, ಬರೆಯೋಕೆ ಮಾತ್ರ ಬರಲ್ಲ."

"ಯಾವ ಮನೆತನ? ಯಾವ ಬೀದಿ? ಮದುವೆ..."

"ಆಗಿದೆ ಅಜ್ಜಿ, ಎರಡು ಮಕ್ಕಳು," ಎಂದು ಡಾಕ್ಟರು ನಕ್ಕರು. ಆಮೇಲೆ ದನಿ ತಗ್ಗಿಸಿ, "ನೀವು ಆಡಿದ್ದನ್ನ ನಾನು ಕೇಳಿಸಿಕೊಂಡೆ. ಆದರೆ ಕಳೆದ ಎರಡು ವರ್ಷದಲ್ಲಿ ಎಷ್ಟು ತಿಂಗಳು ಇವಳಿಗೆ ಕೆಲಸ ಮಾಡೋಕಾಗಲಿಲ್ಲ, ಅದನ್ನ ನಾನು ಬರೀಬೇಕು. ಗೊತ್ತಾ?" ಎಂದರು.

"ಕೆಲಸ ನಿಲ್ಲಿಸಿದ್ದೇ ಇಲ್ಲ," ಅಜ್ಜಿ ಮತ್ತೆ ಬೆನ್ನು ನೆಟ್ಟಗೆ ಮಾಡಿದಳು. "ತಿಂಗಳಿಗೊಂದು ಪಾವು ಇಳಿದೈತೆ. ಬೀದಿಯೋರನ್ನೆಲ್ಲ ಕೇಳಿ."

ಪಾವು ಎಂದರೆ ಮಗ್ಗಕ್ಕೆ ಏರಿಸುವ ಹಾಸುನೂಲು. ಅದರಲ್ಲಿ ಸೀರೆಗಳೆಲ್ಲ ಮುಗಿದ ಮೇಲೆ ನೇಯಲಾಗದ ಗೇಣುದ್ದದ ಎಳೆಗಳು ತುದಿಯಲ್ಲಿ ಉಳಿಯುತ್ತವೆ. ಕಮಲಾಕ್ಷಮ್ಮನ ಮನೆಯಲ್ಲಿ ಆ ತುಂಡನ್ನು ಎಸೆಯುವುದಿಲ್ಲ. ಯಾರು ನೇಯ್ದರೋ ಅವರೇ ಅದನ್ನು ಹೊಸೆದು, ಹಿಂದಿನ ತುಂಡಿಗೆ ಗಂಟು ಹಾಕಬೇಕು. ಹಾಗೆ ಬೆಳೆದ ಹಗ್ಗವೇ ಈಗ ಮೂಟೆಯನ್ನು ಸುತ್ತಿ ಡಾಕ್ಟರರ ಮೇಜಿನ ಮೇಲಿತ್ತು.

ತಂಗಮಣಿ ಅದನ್ನೇ ನೋಡಿದಳು. ಬಾಯಿ ಬಿಟ್ಟರೆ ಅಜ್ಜಿ ಎರಡು ವರ್ಷ ಬೀದಿಗೆಲ್ಲ ಹೇಳಿಕೊಂಡು ಬಂದದ್ದು ಮುರಿದುಬೀಳುತ್ತದೆ. ಬಿಡದಿದ್ದರೆ ಕುಣಿಯೊಳಗಿನ ದನಿ ಒಂದಲ್ಲ ಒಂದು ತಿಂಗಳು ತಿರುಗಿ ಬರುತ್ತದೆ. ಅವಳು ಮೂಟೆಯಿಂದ ಹಗ್ಗ ಬಿಚ್ಚಿ ಮೇಜಿನುದ್ದಕ್ಕೂ ಹಾಸಿದಳು.

"ಸಾರ್, ನಾನು ಎಡಚಿ," ಎಂದಳು. "ನಾನು ಹಾಕಿದ ಗಂಟು ಈ ಕಡೆ, ಎಡಕ್ಕೆ ಬಾಗುತ್ತೆ. ಬಲಕ್ಕೆ ಬಾಗಿರೋದೆಲ್ಲ ಅಜ್ಜಿದು. ಈ ಅರಿಶಿನದ ತುಂಡು ಹೋದ ದೀಪಾವಳಿಯ ಮುಂಚಿನ ದೀಪಾವಳಿದು. ಅಲ್ಲಿಂದ ಎಣಿಸಿ."

ಡಾಕ್ಟರು ಕನ್ನಡಕ ಏರಿಸಿಕೊಂಡು ಹಗ್ಗದ ಮೇಲೆ ಬಗ್ಗಿದರು. ಅರಿಶಿನ, ನೇರಳೆ, ಗಿಳಿಹಸಿರು, ಕುಂಕುಮ. ಬೆರಳು ಗಂಟಿನಿಂದ ಗಂಟಿಗೆ ಸರಿಯಿತು. ಇಪ್ಪತ್ತೆರಡು ಗಂಟು, ಅದರಲ್ಲಿ ಹದಿಮೂರು ಬಲಕ್ಕೆ ಬಾಗಿದ್ದವು.

"ಹದಿಮೂರು ಪಾವು ನೀವೇ ನೇಯ್ದಿರಾ ಅಜ್ಜಿ? ವಯಸ್ಸೆಷ್ಟು?"

"ಎಪ್ಪತ್ತು ದಾಟಿತು," ಎಂದಳು ಅಜ್ಜಿ ನೆಲ ನೋಡುತ್ತಾ. "ಕುಣಿಗೆ ಇಳಿಯೋದು ಸುಲಭ. ಹತ್ತೋವಾಗಲೇ ಮಂಡಿ ಹಿಡೀತದೆ." ಮಂಡಿ ನೀವಿಕೊಂಡಳು. "ಸೀರೆ ನಿಂತರೆ ಊರು ಮಾತಾಡುತ್ತೆ ಅಂತ ನೇಯ್ದೆ. ಗಂಟಲ್ಲಿ ಸಿಕ್ಕಿಬೀಳ್ತೀನಿ ಅಂತ ಹೊಳೀಲೇ ಇಲ್ಲ."

"ನನಗೆ ಅವತ್ತೇ ಗೊತ್ತಿತ್ತು," ಎಂದಳು ತಂಗಮಣಿ, ಅಜ್ಜಿಯ ಕೈಮೇಲೆ ಕೈಯಿಟ್ಟು. "ಆ ದನಿ ಕರೀತಿದ್ದಾಗೆಲ್ಲ ನಿನ್ನ ಲಾಳಿ ಸದ್ದೂ ಕೇಳಿಸ್ತಿತ್ತು."

ಡಾಕ್ಟರು ಹಳೆಯ ಹಾಳೆಯನ್ನು ಹರಿದು ಹೊಸದನ್ನು ತೆಗೆದುಕೊಂಡರು. ಈ ಸಲ ಪ್ರಶ್ನೆಗಳನ್ನು ತಂಗಮಣಿಗೇ ಕೇಳಿದರು, ಅವಳೇ ಉತ್ತರ ಹೇಳಿದಳು. ಸ್ನಾನ, ಊಟ, ಕೆಲಸ, ಜನ. ನಾಚಿಕೆಯಾಗುತ್ತದೆಂದು ಎಣಿಸಿದ್ದಳು, ಕುಣಿಯಿಂದ ಮೇಲೆ ಬಂದು ಗಾಳಿಗೆ ಕೂತ ಹಾಗಿತ್ತು. ಹಾಳೆಯ ಕೊನೆಗೆ ಡಾಕ್ಟರು ಐವತ್ತು ಎಂದು ಬರೆದು ಸಹಿ ಹಾಕಿದರು. ಹೊರಡುವ ಮುನ್ನ ಅಜ್ಜಿ ಬಿಡಲಿಲ್ಲ, ಎರಡೂ ಸೀರೆ ಬಿಚ್ಚಿ ತೋರಿಸಿಯೇ ತೋರಿಸಿದಳು. ಡಾಕ್ಟರು ಅಂಚನ್ನು ಮುಟ್ಟಿ ನೋಡಿ ಚೆನ್ನಾಗಿದೆ ಎಂದರು. "ಇವೆರಡೂ ಅವಳೇ ನೇಯ್ದದ್ದು, ಸತ್ಯವಾಗಿ," ಎಂದಳು ಅಜ್ಜಿ.

ಊರಿಗೆ ಬಂದಮೇಲೆ ಪಕ್ಕದ ಮನೆಯ ಗಿರಿಜಮ್ಮ ಕೇಳಿದಳು, ಹೋದ ಕೆಲಸ ಏನಾಯಿತೆಂದು.

"ಐವತ್ತು ಹಾಕಿದ್ರು!" ಎಂದಳು ಕಮಲಾಕ್ಷಮ್ಮ ಸೊಂಟದ ಮೇಲೆ ಕೈಯಿಟ್ಟು. "ನಲವತ್ತು ಇದ್ದರೆ ಸಾಕಿತ್ತಂತೆ. ನಮ್ಮ ಹುಡುಗಿಗೆ ಐವತ್ತು!"

ಎರಡು ತಿಂಗಳಿಗೆ ಪಾಸು ಕೈಸೇರಿತು. ಅದರ ಫೋಟೋದಲ್ಲೂ ಜಡೆಯ ಮಲ್ಲಿಗೆ ಭುಜದ ಮೇಲೆ ಇಣುಕುತ್ತಿತ್ತು. ಮಾತ್ರೆ ತರುವ ದಿನ ತಂಗಮಣಿ ಒಬ್ಬಳೇ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಿತು. ಅಜ್ಜಿ ಕೆಳಗೆ ನಿಂತು, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕನ್ನಡದಲ್ಲಿ ಕೂಗಿದಳು: "ಕಣ್ಣೂ, ಡಾಕ್ಟರಿಗೆ ಹೇಳು, ನಿನ್ನೆ ಇಳಿದ ಪಾವಿನ ಗಂಟು ಎಡಕ್ಕೆ ಬಾಗೈತೆ ಅಂತ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ತಂಗಮಣಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಬೀಸಿದಳು. ಎಡಗೈ.