ಮೊದಲ ನಂಬರ್ ಯಾರದು?

ಸನತ್‌ನಗರದ ನಮ್ಮ ಓಣಿಯಲ್ಲಿ ಶಾಂತಪ್ಪನವರಷ್ಟು ಭದ್ರವಾಗಿ ಫೋನ್ ಇಟ್ಟುಕೊಂಡವರು ಇನ್ನೊಬ್ಬರಿಲ್ಲ. ಬಳಸುವುದು ಅರ್ಧ ತಾಸು, ಲಾಕ್ ಹಾಕಿಡುವುದು ಇಡೀ ದಿನ. ಕೋಠಿಯ ಬಟ್ಟೆ ಅಂಗಡಿಯಲ್ಲಿ ಅವರಿಗೆ ಕೆಲಸ, ಐದು ವರ್ಷದಿಂದ ಸಕ್ಕರೆ ಕಾಯಿಲೆ.

ಹೋದ ಬೇಸಿಗೆಯಲ್ಲಿ ಅವರು ಕೋಠಿ ಬಸ್ ಸ್ಟಾಪಿನಲ್ಲಿ ತಲೆ ತಿರುಗಿ ಬಿದ್ದರು. ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಆದರೆ ಲಾಕ್ ಆದ ಫೋನಿನಿಂದ ಮನೆಗೆ ತಿಳಿಸುವುದು ಹೇಗೆ? ಹೆಂಡತಿ ಉಮಾಬಾಯಿ ಫೋನ್ ಮಾಡಿದ್ದೂ ಕೇಳಿಸಲಿಲ್ಲ. ಅಂಗಡಿಯಲ್ಲಿ ಸದ್ದಾಗಬಾರದೆಂದು ಶಾಂತಪ್ಪನವರು ಫೋನಿನ ಬಾಯಿ ಮುಚ್ಚಿಸಿದ್ದರು. ಗಂಡನಿಗೆ ಎಚ್ಚರವಾಗಿ ಮನೆಗೆ ಫೋನ್ ಮಾಡುವವರೆಗೆ, ಮೂರು ತಾಸು ಆ ತಾಯಿ ಬಾಗಿಲಲ್ಲೇ ನಿಂತಿದ್ದರು.

ಪಕ್ಕದ ಮನೆಯ ಸಂಪದಾ ಸರಕಾರಿ ದವಾಖಾನೆಯಲ್ಲಿ ನರ್ಸ್. ಒಂದು ಭಾನುವಾರ ಬಂದವಳೇ ಕೈಚಾಚಿದಳು.

"ಕಾಕಾ, ಫೋನ್ ಕೊಡ್ರಿ ಇಲ್ಲೆ. ಲಾಕ್ ತೆಗೀಲಾರದನ ಮನಿಗೆ ಫೋನ್ ಹೋಗೂಹಂಗ ಮಾಡಿಕೊಡ್ತೀನಿ."

"ಬ್ಯಾಡವ್ವಾ! ಕಳ್ಳರ ಕೈಯಾಗ ಸಿಕ್ಕರ ಬ್ಯಾಂಕಿನ ರೊಕ್ಕ ಎಲ್ಲಾ ಖಾಲಿ!"

"ಬ್ಯಾಂಕಿಂದು ಏನೂ ತೆರೆಯೂದಿಲ್ರಿ. ನೀವು ಬರೆಸಿದ್ದಷ್ಟ ಕಾಣ್ತೈತಿ. ನಿಮ್ಮ ಹೆಸರು, ಬ್ಯಾನಿ, ರಕ್ತದ ಗುಂಪು, ಮನಿಯವರ ನಂಬರ್."

"ಬ್ಯಾನಿ ಯಾಕ? ಊರಿಗೆಲ್ಲಾ ಡಂಗುರ ಹೊಡಿಸಾಕ?"

"ನೀವು ತೂರಾಡಿ ಬಿದ್ದರ ಮಂದಿ ಕುಡದಾನ ಅಂತಾರ. ಅದಕ್ಕಿಂತ ಸಕ್ರಿ ಬ್ಯಾನಿ ಅನ್ನೂದು ಚಲೋ ಅಲ್ಲೇನ್ರಿ?"

ಜೀವಮಾನದಲ್ಲಿ ಒಂದು ಹನಿ ಮುಟ್ಟದ ಶಾಂತಪ್ಪನವರು ತಣ್ಣಗಾಗಿ ಫೋನ್ ಕೊಟ್ಟರು. ಸಂಪದಾ ಸೆಟ್ಟಿಂಗ್ಸ್ ತೆರೆದು, ಎಮರ್ಜೆನ್ಸಿ ಎಂದಿದ್ದ ಕಡೆ ವಿವರ ತುಂಬಿದಳು. ದಾರಿಯಲ್ಲಿ ಯಾರಿಗಾದರೂ ಓದಲು ಬರಲೆಂದು ಇಂಗ್ಲಿಷಿನಲ್ಲೇ ಬರೆದಳು.

"ಯಾರ ನಂಬರ್ ಹಾಕ್ಲಿ ಕಾಕಾ?"

"ಕಲಬುರಗಿ ನಮ್ಮಣ್ಣ ಮೌನಪ್ಪಂದು."

ಆ ಮನೆಯ ರೂಢಿಯೇ ಹಾಗೆ. ಶಾಲೆಯ ಅರ್ಜಿ ಇರಲಿ, ಮದುವೆ ಕಾರ್ಡು ಇರಲಿ, ಹಿರಿಯಣ್ಣನದೇ ಹೆಸರು ಮೊದಲು.

"ಅವರು ಕಲಬುರಗಿಯಿಂದ ಬರೂತನಕ ನೀವು ಕೋಠಿಯಾಗ ಬಿದ್ದಿರ್ತೀರೇನು?"

"ಹಿರ್ಯಾರನ್ನ ಬಿಟ್ಟು ಹೆಂಗವಾ..."

ಮೆಂತ್ಯಪಲ್ಯ ಸೋಸುತ್ತಿದ್ದ ಉಮಾಬಾಯಿ ತಲೆಯೆತ್ತಿದರು. "ನನ್ನ ನಂಬರ್ ಹಾಕಸ್ರಿ. ಮೂರು ತಾಸು ಬಾಗಲ್ದಾಗ ನಿಂತಾಕಿ ನಾನು. ನೀವು ಅದೀರೋ ಇಲ್ಲೋ ಗೊತ್ತಿಲ್ದ ನಿಂತಿದ್ದೆ. ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ."

ಶಾಂತಪ್ಪನವರ ದನಿ ಇಳಿಯಿತು. "ಗುರುತಿಲ್ಲದ ನಂಬರ್ ನೀ ಎತ್ತೂದ ಇಲ್ಲಲ್ಲ?"

"ಎತ್ತಬ್ಯಾಡ ಅಂದಾವ್ರು ನೀವ!"

"ಕಾಕು, ಫೋನ್ ಬರೂದು ಕಾಕಾನ ನಂಬರಿನಿಂದನ," ಎಂದಳು ಸಂಪದಾ ನಗುತ್ತ. ಉಮಾಬಾಯಿಯ ನಂಬರನ್ನು ಮೊದಲು ಹಾಕಿದಳು, ಮೌನಪ್ಪನವರದನ್ನು ಆಮೇಲೆ. ಲಾಕ್ ಹಾಕಿಸಿ, ಎಮರ್ಜೆನ್ಸಿ ಒತ್ತಿಸಿ, ಶಾಂತಪ್ಪನವರ ಕೈಯಲ್ಲೇ ಫೋನ್ ಮಾಡಿಸಿದಳು. ಅಡುಗೆಮನೆಯಲ್ಲಿ ಉಮಾಬಾಯಿಯ ಫೋನ್ ಸದ್ದು ಮಾಡಿತು, ಅವರು ಓಡಿಹೋಗಿ ಎತ್ತಿದರು. "ಹಲೋ, ನಾನ," ಎಂದರು ಶಾಂತಪ್ಪನವರು ನಾಚಿಕೊಂಡು. ಎರಡು ಮಾರು ದೂರದಲ್ಲಿ ಉಮಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಶ್ರಾವಣ ಬಂತು. ಸೋಮವಾರದ ಉಪವಾಸ ಬಿಡದ ಶಾಂತಪ್ಪನವರು ಖಾಲಿ ಹೊಟ್ಟೆಯಲ್ಲೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಅಂಗಡಿಗೆ ಹೋದರು. ಸಂಜೆ ನಾಲ್ಕಕ್ಕೆ ಅದೇ ಬಸ್ ಸ್ಟಾಪಿನಲ್ಲಿ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಹತ್ತಿರದ ಪುಸ್ತಕದಂಗಡಿಯವನು ಅವರನ್ನು ಹಿಡಿದು ಕೂರಿಸಿದ. ಫೋನ್ ತೆಗೆದು ಎಮರ್ಜೆನ್ಸಿ ಒತ್ತಿದ. ಡಯಾಬಿಟೀಸ್ ಎಂದಿತ್ತು, ಕೆಳಗೆ ಉಮಾಬಾಯಿಯ ಹೆಸರಿತ್ತು.

ಗಂಡನ ನಂಬರಿನಿಂದ ಬೇರೆಯವರ ದನಿ ಕೇಳಿ ಉಮಾಬಾಯಿ ಗಾಬರಿಯಾದರು. ಆದರೂ ತಮಗೆ ಬರುವಷ್ಟು ಹಿಂದಿಯಲ್ಲಿ ಕೇಳಿದರು: ಎಚ್ಚರ ಇದ್ದಾರಾ? ನುಂಗಲು ಬರುತ್ತದಾ? ಬರುತ್ತದೆ ಎಂದ ಅವನು.

"ಹಾಗಾದರೆ ಉಪವಾಸದಿಂದ ಮೈಯ ಸಕ್ಕರೆ ಇಳಿದಿರಬೇಕು, ಅಂಗಿಯ ಜೇಬು ನೋಡಿ ಭೈಯಾ. ಸಕ್ಕರೆ ಪೊಟ್ಟಣ ಇದೆ, ಬಾಯಿಗೆ ಹಾಕಿ. 108ಕ್ಕೂ ಫೋನ್ ಮಾಡಿ."

ಬೆಳಿಗ್ಗೆ ಗಂಡನಿಗೂ ಹೇಳದೆ ಆ ಪೊಟ್ಟಣವನ್ನು ಜೇಬಿಗೆ ಸೇರಿಸಿದವರು ಅವರೇ. ಲೋಕದಲ್ಲಿ ಅದು ಇನ್ಯಾರಿಗೂ ಗೊತ್ತಿರಲಿಲ್ಲ.

ಅವರು ಆಟೋ ಹಿಡಿದು ಕೋಠಿ ಮುಟ್ಟುವಷ್ಟರಲ್ಲಿ ಶಾಂತಪ್ಪನವರು ಆಂಬುಲೆನ್ಸಿನಲ್ಲಿ ಎದ್ದು ಕೂತಿದ್ದರು. ಡಾಕ್ಟರನ್ನು ಕೇಳದೆ ಉಪವಾಸ ಮಾಡಿದ್ದಕ್ಕೆ ಆಮೇಲೆ ಸಂಪದಾಳಿಂದ ಚೆನ್ನಾಗಿ ಬೈಸಿಕೊಂಡರು.

ಮರುದಿನ ಅಣ್ಣನಿಗೆ ಫೋನ್ ಮಾಡಿದರು. "ಅಣ್ಣಾ, ಸಿಟ್ಟಾಗಬ್ಯಾಡ. ನಿನ್ನ ನಂಬರ್ ಎರಡನೇದು ಮಾಡೀನಿ."

"ಚಲೋ ಮಾಡಿದಿ," ಎಂದರು ಮೌನಪ್ಪನವರು. "ನನ್ನ ಫೋನಿನಾಗ ಯಾರದೂ ಇಲ್ಲೋ ತಮ್ಮಾ. ನಮ್ಮ ಮನಿಯಾಕಿ ನಂಬರ್ ಹಾಕೂದು ಹೆಂಗ, ಹೇಳು."

ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆ ಕೆಳಗಿಡುವ ಮೊದಲು ನಿಮ್ಮ ಫೋನ್ ಎತ್ತಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಂದು ಹುಡುಕಿ, ಕಾಯಿಲೆ ಮತ್ತು ನಂಬರ್ ಬರೆಸಿ. ತಿಳಿಯದಿದ್ದರೆ ಓಣಿಯಲ್ಲಿ ತಿಳಿದವರನ್ನು ಕೇಳಿ, ನಾಚಿಕೆ ಬೇಡ. ಅಪಾಯದಲ್ಲಿ ಲಾಕ್ ತೆಗೆಯದೆಯೇ 112ಕ್ಕೂ ಫೋನ್ ಹೋಗುತ್ತದೆ. ಆದರೆ ಅದನ್ನು ಪರೀಕ್ಷೆಗೆಂದು ಒತ್ತಬೇಡಿ, ಮನೆಯ ನಂಬರಿಗೆ ಮಾಡಿ ನೋಡಿ.

ನೀವು ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುವವರು ಯಾರು? ಅವರದೇ ಮೊದಲ ನಂಬರ್.