ಅರ್ಧ ಗಂಟೆಗೆ ನಿಲ್ಲುವ ಕ್ಯಾಮೆರಾ

ಮಾರ್ಲಿಸ್ ಹೊಸ ಕ್ಯಾಮೆರಾ ತಂದು ಮೂರು ದಿನವಾಗಿತ್ತು. ಮೂರು ದಿನವೂ ಅದರಲ್ಲಿ ಸಿಕ್ಕಿದ್ದು ತಣ್ಣಗೆ ಮಲಗಿದ್ದ ಮಗು ಮಾತ್ರ.

ಒಂದು ವರ್ಷದಿಂದ ಅವಳ ನಾಲ್ಕು ವರ್ಷದ ಮಗಳು ಟೆಸ್ಸಾ ಮಧ್ಯಾಹ್ನದ ನಿದ್ದೆಯಿಂದ ಏಳುವಾಗ ಒಮ್ಮೊಮ್ಮೆ ಮೈ ಸೆಟೆದುಕೊಳ್ಳುತ್ತಿದ್ದಳು. ಕಣ್ಣು ಒಂದು ಪಕ್ಕಕ್ಕೆ ವಾಲುತ್ತಿತ್ತು. ಹತ್ತು ಸೆಕೆಂಡು, ಅಷ್ಟೆ. ಮಾರ್ಲಿಸ್ ಫೋನು ಹುಡುಕುವಷ್ಟರಲ್ಲಿ ಎದ್ದು ಕೂತು ಬಿಸ್ಕತ್ತು ಕೇಳುತ್ತಿದ್ದಳು. ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸಿ ನೋಡಿದ ದಿನ ಏನೂ ಆಗಲಿಲ್ಲ. ಕೆಟ್ಟ ಕನಸಿರಬಹುದು, ಹಟವಿರಬಹುದು ಎಂದು ಅಲ್ಲಿಯವರು ಮನೆಗೆ ಕಳಿಸಿದ್ದರು. ಐದು ತಿಂಗಳು ಕಾದ ಮೇಲೆ ಮೆದುಳಿನ ಡಾಕ್ಟರರ ಭೇಟಿ ಈ ಶುಕ್ರವಾರಕ್ಕೆ ಸಿಕ್ಕಿತ್ತು. ಅವರ ನರ್ಸು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ವಿಡಿಯೋ ತನ್ನಿ. ಮುಖ, ಎರಡು ಕೈ, ಎಲ್ಲ ಕಾಣಬೇಕು. ಬಾಯಲ್ಲಿ ಹೇಳಿದ್ರೆ ಸಾಲಲ್ಲ."

ಇವತ್ತು ಬುಧವಾರ. ಇವತ್ತೂ ಮಗುವಿನ ಮೈ ಸೆಟೆದಿತ್ತು. ಅಡುಗೆಮನೆಯಿಂದ ಮಾರ್ಲಿಸ್ ಓಡಿಬಂದಾಗ ಕ್ಯಾಮೆರಾದ ಕೆಂಪು ದೀಪ ಆರಿತ್ತು. ಅರ್ಧ ಗಂಟೆಗೆ ಅದು ತಾನಾಗಿಯೇ ನಿಂತುಹೋಗಿತ್ತು.

ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಅವಳು ತಮ್ಮೂರು ಡುಲೂತ್‌ನ ಗುಡ್ಡದ ರಸ್ತೆಯಲ್ಲಿದ್ದ ಹಾಲ್ವರ್ ಲೀಯ ಹಳೇ ಸಾಮಾನಿನ ಅಂಗಡಿಗೆ ಹೋದಳು. ಹಾಲ್ವರ್ ಮೂವತ್ತು ವರ್ಷ ಮದುವೆ ವಿಡಿಯೋ ತೆಗೆದು, ಮಂಡಿ ನೋವಿಗೆ ಸೋತು ಅಂಗಡಿ ಹಾಕಿಕೊಂಡವನು. ಅವಳ ಹೊಸ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರು ಕೊಡಿಸಿದ್ದು?"

"ದೊಡ್ಡ ಅಂಗಡಿ ಹುಡುಗ. ಹೊಸಬರಿಗೆ ಇದೇ ಸರಿ, ಈ ಬೆಲೆಗೆ ಇಂಥ ಚಿತ್ರ ಇನ್ಯಾವುದರಲ್ಲೂ ಬರಲ್ಲ ಅಂದ."

"ಸುಳ್ಳೇನಲ್ಲ. ಹುಟ್ಟುಹಬ್ಬದ ಕೇಕ್ ತೆಗಿಯೋಕೆ ಇದನ್ನ ಮೀರಿಸೋದಿಲ್ಲ. ಕೇಕಾದ್ರೆ ಹೇಳಿದ ಕಡೆ ಕೂತಿರತ್ತೆ. ನಿಮಗೇನು ತೆಗೀಬೇಕಮ್ಮ?"

ಮಾರ್ಲಿಸ್ ಹೇಳಿದಳು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬಡಿಸುವ ಗಟ್ಟಿ ಹೆಂಗಸು, ಹೇಳುತ್ತ ಹೇಳುತ್ತ ಗಲ್ಲಾದ ಅಂಚು ಹಿಡಿದುಕೊಂಡಳು. ಮಗುವಿನ ಕೋಣೆಗೆಂದೇ ಮಾರುವ ಅಗ್ಗದ ಕ್ಯಾಮೆರಾದಲ್ಲಿ ಬೆರಳೆಲ್ಲ ಒಂದಕ್ಕೊಂದು ಅಂಟಿದಂತೆ ಕಂಡಿದ್ದು, ಹಳೇ ಫೋನು ಹತ್ತು ನಿಮಿಷಕ್ಕೇ ಜಾಗವಿಲ್ಲ ಎಂದಿದ್ದು, ಎಲ್ಲ ಹೇಳಿದಳು. "ನಾಳೆ ಒಂದು ಮಧ್ಯಾಹ್ನ ಉಳಿದಿದೆ, ಹಾಲ್ವರ್. ಒಂದೇ ಒಂದು."

ಹಾಲ್ವರ್ ಒಳಗೆ ಹೋಗಿ, ಅಂಗೈಗೆ ಪಟ್ಟಿ ಕಟ್ಟಿಕೊಂಡು ಹಿಡಿಯುವ ಹಳೇ ವಿಡಿಯೋ ಕ್ಯಾಮೆರಾ ಒಂದನ್ನು ತಂದ. ಮೂಲೆ ಸವೆದು ಬಿಳುಪಾಗಿತ್ತು.

"ನಿಮ್ಮದು ಅರ್ಧ ಗಂಟೆಗೆ ನಿಲ್ಲೋ ಹಾಗೇ ಮಾಡಿರೋದು. ಇದು ನೋಡೋಕೆ ದರಿದ್ರ. ಆದರೆ ಗೋಡೆಗೆ ಪ್ಲಗ್ ಹಾಕಿದ್ರೆ ನೀವು ನಿಲ್ಲಿಸೋ ತನಕ ಓಡತ್ತೆ. ಪಾದ್ರಿ ಎಷ್ಟು ಹೊತ್ತು ಕೊರೆದ್ರೂ ಇದು ಸಹಿಸ್ಕೊಂಡಿದೆ. ನಿಮ್ಮ ಹೊಸದನ್ನ ಪೆಟ್ಟಿಗೆ ಸಮೇತ ಆ ದೊಡ್ಡ ಅಂಗಡಿಗೇ ವಾಪಸ್ ಕೊಡಿ, ಅದಕ್ಕೆ ಕೊಟ್ಟ ದಿನ ಇನ್ನೂ ಮೀರಿಲ್ಲ. ಇದನ್ನ ಸುಮ್ನೆ ತಗೊಂಡು ಹೋಗಿ."

"ಸುಮ್ನೆ ಯಾಕೆ? ದುಡ್ಡು ತಗೊಳ್ಳಿ."

"ಕೆಲಸ ಆದ್ಮೇಲೆ ಕೊಡಿ. ಇನ್ನೊಂದು ಮಾತು. ಮದುವೇಲಿ ಉಂಗುರ ಹಾಕೋ ಹೊತ್ತಿಗೆ ಸರಿಯಾಗಿ ಹುಡುಗಿಯ ಅಮ್ಮ ಎದ್ದು ಮುಂದೆ ಬರ್ತಾಳೆ. ನನ್ನ ವಿಡಿಯೋಗಳಲ್ಲಿ ಎಷ್ಟು ಅಮ್ಮಂದಿರ ಬೆನ್ನಿದೆಯೋ ಲೆಕ್ಕವಿಲ್ಲ. ಕ್ಯಾಮೆರಾನ ಕಾಲಿನ ಕಡೆ ಇಡಿ, ನೀವು ತಲೆ ಕಡೆ ನಿಲ್ಲಿ. ಬಗ್ಗಬೇಡಿ."

"ಮಗು ಹಾಗೆ ಆಡ್ತಿದ್ರೆ ಮುಟ್ಟದೇ ಇರೋಕಾಗತ್ತಾ?"

ಹಾಲ್ವರ್ ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿದ.

ಗುರುವಾರ ಹಳೇ ಕ್ಯಾಮೆರಾಕ್ಕೆ ಪ್ಲಗ್ ಹಾಕಿ ಕಾಲಿನ ಕಡೆ ಇಟ್ಟು, ಹೊದಿಕೆ ತೆಗೆದು, ಕಿಟಕಿಯ ಪರದೆ ಸರಿಸಿ, ಮಂಚದ ಸುತ್ತ ದಿಂಬು ಜೋಡಿಸಿ ಮಾರ್ಲಿಸ್ ಮಗುವನ್ನು ಮಲಗಿಸಿದಳು. ಅರ್ಧ ಗಂಟೆಯಾಯಿತು. ಕೆಂಪು ದೀಪ ಆರಲಿಲ್ಲ. ಒಂದು ಗಂಟೆಯಾಯಿತು. ಮಗು ಮಗ್ಗುಲಾದಾಗ ಮಾರ್ಲಿಸ್ ಬಾಯಿಂದ ಪಿಸುಮಾತು ಹೊರಟಿತು: "ಬಾ. ಇವತ್ತೊಂದು ದಿನ ಬಾ." ಯಾರನ್ನು ಕರೆಯುತ್ತಿದ್ದೇನೆ ಎಂದು ಹೊಳೆದಾಗ ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದಳು. ಮಗಳಿಗೆ ಅದು ಬರಲಿ ಎಂದು ಹೆತ್ತವಳೇ ಬೇಡುತ್ತಿದ್ದಳು. ಬೇಡುವುದನ್ನು ನಿಲ್ಲಿಸಲೂ ಅವಳಿಂದಾಗಲಿಲ್ಲ.

ಬಂತು. ಮೊದಲು ಎಡಗೈಯ ಬೆರಳುಗಳು ಮಡಚಿಕೊಂಡವು. ಆಮೇಲೆ ತುಟಿಯ ಎಡಮೂಲೆ ಜಗ್ಗಿತು. ಮಾರ್ಲಿಸ್ ಮಂಚದ ತಲೆಯ ಕಡೆ ನಿಂತು ಎರಡು ಕೈಯನ್ನೂ ಕಂಕುಳಲ್ಲಿ ಅದುಮಿಕೊಂಡಳು. "ಇಲ್ಲೇ ಇದೀನಿ ಪುಟ್ಟಾ, ಇಲ್ಲೇ ಇದೀನಿ," ಎನ್ನುತ್ತಲೇ ಇದ್ದಳು. ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡಳು. ಹತ್ತು ಸೆಕೆಂಡು ಇಷ್ಟು ಉದ್ದ ಎಂದು ಅವಳಿಗೆ ಗೊತ್ತಿರಲಿಲ್ಲ. ಮಗು ಮೈ ಸಡಿಲಿಸಿದ್ದೇ ತಡ, ಎತ್ತಿ ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಸಿದಳು.

"ಅಮ್ಮಾ, ನೋಯತ್ತೆ, ಬಿಡು," ಎಂದಳು ಟೆಸ್ಸಾ.

ಶುಕ್ರವಾರ ಡಾಕ್ಟರು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎರಡು ಸಲ ನೋಡಿದರು. ಮಾರ್ಲಿಸ್ ಗೋಡೆಯ ಕಡೆ ಮುಖ ಮಾಡಿದ್ದಳು. ತನ್ನದೇ ದನಿ ಮತ್ತೆ ಮತ್ತೆ "ಇಲ್ಲೇ ಇದೀನಿ" ಎನ್ನುವುದು ಕೇಳುತ್ತಿತ್ತು. ಮೂರನೆಯ ಸಲಕ್ಕೆ ಡಾಕ್ಟರು ಚಿತ್ರವನ್ನು ನಡುವೆಯೇ ನಿಲ್ಲಿಸಿದರು.

"ಎಡಗೈಯಿಂದಲೇ ಶುರುವಾಗತ್ತೆ. ಯಾವಾಗಲೂ ಹೀಗೇನಾ?"

ಈ ಒಂದು ವರ್ಷದಲ್ಲಿ ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದವರೇ ಎಲ್ಲ. ಕೇಳಿದವರು ಯಾರೂ ಇರಲಿಲ್ಲ. ಮಾರ್ಲಿಸ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಹೂಂ," ಎಂದಳು. "ಮೊದಲಿಂದ ಹೇಳ್ತೀನಿ."