ಇಪ್ಪತ್ತೈದು ಸೂಜಿಗಳ ಪೊಟ್ಟಣ

ಭಾಗ್ಯಶ್ರೀ ಮಸ್ಕಿಯ ಕಟ್ಲರಿ ಅಂಗಡಿ ಮುಟ್ಟಿದಾಗ ಅಂಗಡಿಯ ಯಜಮಾನ ಕರಿಬಸಯ್ಯ ಆಗಷ್ಟೇ ಸಂಜೆಯ ದೀಪ ಹಚ್ಚಿ, ಗುಂಡಿಯ ಡಬ್ಬಿಗಳ ಮುಂದೆ ಊದಿನಕಡ್ಡಿ ತಿರುಗಿಸುತ್ತಿದ್ದರು. ಲಿಂಗಸೂಗೂರಿನ ತನ್ನ ಔಷಧಿ ಅಂಗಡಿಯನ್ನು ತಂಗಿಗೆ ಒಪ್ಪಿಸಿ, ಬಸ್ಸಿಗೂ ಕಾಯದೆ ಟಂಟಂ ಆಟೋ ಹತ್ತಿ ಬಂದಿದ್ದಳು.

ಹೊಲಿಗೆಯ ಹಳೇ ಸಾಮಾನು ಕೂಡಿಡುವುದು ಅವಳ ಹುಚ್ಚು. ಬೆರಳಿಗೆ ತೊಡುವ ಹಿತ್ತಾಳೆಯ ಅಂಗುಸ್ತಾನ, ಸಿಂಪಿನ ಗುಂಡಿ, ಕಟ್ಟಿಗೆಯ ರೀಲು, ನಿಜಾಮರ ಕಾಲದ ಕಬ್ಬಿಣದ ಗಜಕೋಲು, ಎಲ್ಲ ಇದ್ದವು. ಇಲ್ಲದ್ದು ಒಂದೇ, ಸೀಲು ಒಡೆಯದ ವಿಲಾಯಿತಿ ಸೂಜಿ ಪೊಟ್ಟಣ. ಸಿಂಧನೂರಿನ ಟೇಲರ್ ಇಶ್ತಿಯಾಕ್‌ ಬಳಿ ಅಂಥವು ಮೂರಿದ್ದವು. ಪ್ರತಿ ಶುಕ್ರವಾರ ಅವುಗಳ ಹೊಸ ಫೋಟೊ ತೆಗೆದು ಸಂಗ್ರಹಕಾರರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ನಾಲ್ಕನೆಯದು ಮಸ್ಕಿಯಲ್ಲಿದೆ ಎಂಬ ಸುದ್ದಿ ಇಬ್ಬರಿಗೂ ಇವತ್ತೇ ಮುಟ್ಟಿತ್ತು.

"ಅಯ್ಯನವರ, ಯಾರಿಗೂ ಕೊಟ್ಟಿಲ್ಲಲ್ರಿ?"

"ಇಲ್ಲವ್ವ. ಸಿಂಧನೂರು ಟೇಲರ್ ಫೋನ್ ಮಾಡಿದ್ದ. ನಾಳೆ ಮುಂಜಾನೆ ಶಟರ್ ಎತ್ತೂದರಾಗ ಬರ್ತೀನಿ ಅಂದಾನ. ಮೊದಲು ಬಂದೋರಿಗೆ ಅಂತ ಹೇಳೀನಿ."

"ಮೊದಲು ನಾ ಬಂದೀನಿ."

"ಬಂದಿ ಖರೆ. ಆದ್ರ ದೀಪ ಹಚ್ಚಿದ ಮ್ಯಾಲ ಬಂದಿ." ಕರಿಬಸಯ್ಯ ಊದಿನಕಡ್ಡಿ ಸಿಕ್ಕಿಸಿದರು. "ದೀಪ ಹಚ್ಚಿದ ಮ್ಯಾಲ ಈ ಅಂಗಡ್ಯಾಗ ಸೂಜಿ ಮಾರೂದಿಲ್ಲ. ನಮ್ಮಪ್ಪನ ಕಾಲದಿಂದ."

"ನಾ ರಾತ್ರಿ ಹತ್ತರ ತನಕ ಇಂಜೆಕ್ಷನ್ ಸೂಜಿ ಮಾರ್ತೀನ್ರಿ. ಏನೂ ಆಗಿಲ್ಲ."

"ಅದಕ್ಕ ಲಿಂಗಸೂಗೂರು ಮಂದೀಗೆ ಜಡ್ಡು ಬಿಡವಲ್ದು."

ನೋಡುವುದಕ್ಕೆ ಅಡ್ಡಿಯಿಲ್ಲವೆಂದು ಪೊಟ್ಟಣವನ್ನು ಗಾಜಿನ ಮೇಲಿಟ್ಟರು. ಅದರ ಮೇಲೊಂದು ಬೆರಳನ್ನೂ ಇಟ್ಟರು. ಕಪ್ಪು ಕಾಗದ, ಹೊಳಪು ಮಾಸಿದ ಅಕ್ಷರ, ಮಡಿಕೆಯ ಮೇಲೆ ಕೆಂಪು ಸೀಲು. ಭಾಗ್ಯಶ್ರೀಗೆ ಬರುವ ಶುಕ್ರವಾರದ ಫೋಟೊ ಕಣ್ಣ ಮುಂದೆ ಬಂತು, ಸಾಲಾಗಿ ನಾಲ್ಕು ಪೊಟ್ಟಣ.

ಅಂಗಡಿಯ ಹಿಂದೆಯೇ ಮನೆ. ಕರಿಬಸಯ್ಯನವರ ಹೆಂಡತಿ ಸಂಗಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದರು.

"ಬರೇ ಸೂಜಿ ಕೊಡಬಾರದು ಅಷ್ಟ. ದಾರ ಪೋಣಿಸಿ ಕೊಟ್ರ ಯಾವ ಹೊತ್ತಿನಾಗಾದ್ರೂ ನಡೀತೈತಿ. ನಿಮ್ಮವ್ವನ ಹೇಳಿದ್ದು."

ತಾಯಿಯ ಹೆಸರು ಬಂದಮೇಲೆ ಕರಿಬಸಯ್ಯ ಪೊಟ್ಟಣದ ಮೇಲಿನ ಬೆರಳು ತೆಗೆದರು.

"ಒಂದಕ್ಕ ಪೋಣಿಸಿದ್ರ ಸಾಕೇನ್ರಿ?" ಎಂದಳು ಭಾಗ್ಯಶ್ರೀ.

"ಎಷ್ಟು ಒಯ್ತೀಯೋ ಅಷ್ಟಕ್ಕೂ," ಎಂದರು ಸಂಗಮ್ಮ.

ಪೊಟ್ಟಣದ ಮೇಲೆ ಇಪ್ಪತ್ತೈದು ಎಂದಿತ್ತು. ಅಂದರೆ ಸೀಲು ಒಡೆಯಬೇಕು. ಸೀಲು ಒಡೆದರೆ ಅದು ಬರೀ ಸೂಜಿ ಎಂದು ಇಶ್ತಿಯಾಕ್ ಗುಂಪಿನಲ್ಲಿ ಎಷ್ಟೋ ಸಲ ಬರೆದಿದ್ದ. ದಿನಕ್ಕೆ ನೂರು ಔಷಧಿ ಪ್ಯಾಕೆಟ್ ಹರಿಯುವ ಅವಳ ಕೈ ಇಲ್ಲಿ ತಡೆಯಿತು. ಬಿಟ್ಟು ಹೋದರೆ ಅವನಿಗೆ, ಒಡೆದರೆ ಯಾರಿಗೂ ಇಲ್ಲ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲದೆ, ಬರೀ ಹಟಕ್ಕೆ, ಉಗುರು ಹಾಕಿದಳು.

ಒಳಗೆ ಊದಾ ಕಾಗದಕ್ಕೆ ಚುಚ್ಚಿದ ಇಪ್ಪತ್ತೈದು ಸೂಜಿ. ಒಂದಕ್ಕೂ ತುಕ್ಕಿಲ್ಲ. ಪ್ರತಿಯೊಂದರ ಕಣ್ಣಿಗೂ ಬಂಗಾರದ ನೀರು ಕುಡಿಸಿದ್ದರು. ಕರಿಬಸಯ್ಯ ಕನ್ನಡಕ ಹುಡುಕಿ ಹಾಕಿಕೊಂಡರು.

"ನಲವತ್ತು ವರ್ಷ ನನ್ನ ಗಲ್ಲಾಪೆಟ್ಟಿಗ್ಯಾಗ ಇತ್ತು ನೋಡು ಇದು," ಎಂದರು ಮೆಲ್ಲಗೆ.

ಸಂಗಮ್ಮ ರೀಲುಗಳ ಬುಟ್ಟಿ ತಂದರು. ಮೂವರೂ ಕೂತರು. ಸಂಗಮ್ಮ ಐದು ಪೋಣಿಸುವಷ್ಟರಲ್ಲಿ ಭಾಗ್ಯಶ್ರೀಯ ದಾರ ಇನ್ನೂ ಸೂಜಿಯ ಕಣ್ಣಿನ ಆಚೀಚೆ ಓಡಾಡುತ್ತಿತ್ತು.

"ಇಷ್ಟು ಸಾಮಾನು ಕೂಡಿಟ್ಟಾಕಿ, ಒಂದು ಗುಂಡೀನೂ ಹಚ್ಚಿಲ್ಲೇನ ಬೇ?"

"ಟೇಲರ್ ಕಡೆ ಕೊಡ್ತೀನ್ರಿ ಅವ್ವಾರ."

"ಯಾವ ಟೇಲರ್? ಸಿಂಧನೂರಿನವನೇನು?" ಎಂದರು ಕರಿಬಸಯ್ಯ.

ಇಪ್ಪತ್ತೈದಕ್ಕೂ ಪೋಣಿಸಿ, ದುಡ್ಡು ಕೊಟ್ಟು ಹೊರಟವಳಿಗೆ ಲಿಂಗಸೂಗೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೆಂಪು, ಹಸಿರು, ಹಳದಿ ಬಾಲಗಳ ಸೂಜಿಗಳನ್ನು ತೊಡೆಯ ಮೇಲೆ ಹರವಿ ಫೋಟೊ ತೆಗೆದು ಇಶ್ತಿಯಾಕ್‌ಗೆ ಕಳಿಸಿದಳು.

"ಸೀಲ್ ಒಡದ್ರೇನಕ್ಕಾ? ಹಾಳು ಮಾಡಿದ್ರಿ," ಎಂದು ಕೂಡಲೇ ಉತ್ತರ ಬಂತು.

"ಹೂಂ," ಎಂದು ಬರೆದಳು.

ಅವನು ಟೈಪ್ ಮಾಡುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಮಾಡುತ್ತಿದ್ದ. ಬಸ್ಸು ಮಸ್ಕಿ ದಾಟಿತು.

"ಕಣ್ಣು ಬಂಗಾರದ್ದೇನ್ರಿ?"

"ನೀರು ಕುಡಿಸ್ಯಾರ."

ಆಮೇಲೆ ಇನ್ನೊಂದು ಬಂತು. "ನನ್ನವು ಮೂರರಾಗೂ ಹಿಂಗ ಇರ್ತಾವಂತೀರೇನು?"

ಭಾಗ್ಯಶ್ರೀ ಕಾಲು ಚಾಚಿ ಕೂತು, ಒಂದೊಂದೇ ಅಕ್ಷರ ಒತ್ತಿದಳು. "ಒಡದು ನೋಡ್ರಿ."